ಒಂದೇ ವೈಫೈನಲ್ಲಿದ್ದರೂ ಸಿಗದ ಫೋನು

‘ಫೋನು, ಲ್ಯಾಪ್‌ಟಾಪು ಎರಡೂ ಒಂದೇ ವೈಫೈನಲ್ಲಿವೆ ತಾನೇ?’ ಆ್ಯಪ್ ಬರೆಯಲು ಕಲಿಯುತ್ತಿರುವವರು ‘ಫೋನ್ ಕನೆಕ್ಟ್ ಆಗ್ತಿಲ್ಲ’ ಎಂದಾಗ ಎದುರಾಗುವ ಮೊದಲ ಪ್ರಶ್ನೆ ಇದು. ಹೌದು ಅನ್ನುತ್ತಾರೆ. ಎರಡರ ಪರದೆಯನ್ನೂ ತೋರಿಸುತ್ತಾರೆ, ವೈಫೈ ಹೆಸರು ಒಂದೇ. ಆದರೂ ಆ್ಯಪ್ ಬರೆಯುವ ಸಾಫ್ಟ್‌ವೇರಾದ ಆಂಡ್ರಾಯ್ಡ್ ಸ್ಟುಡಿಯೋದ ಪಟ್ಟಿಯಲ್ಲಿ ಫೋನ್ ಇರುವುದಿಲ್ಲ. ಅಲ್ಲಿಂದಾಚೆಗೆ ನಡೆಯುವುದೆಲ್ಲ ಕತ್ತಲಲ್ಲಿ ತಡಕಾಟ. ಫೋನ್ ಆಫ್ ಮಾಡಿ ಆನ್ ಮಾಡುತ್ತಾರೆ, ವೈಫೈ ಪಾಸ್‌ವರ್ಡ್ ಅಳಿಸಿ ಮತ್ತೆ ಹಾಕುತ್ತಾರೆ, ಕೊನೆಗೆ ಸ್ಟುಡಿಯೋವನ್ನೇ ಕಿತ್ತುಹಾಕಿ ಹೊಸದಾಗಿ ಇಳಿಸಿಕೊಳ್ಳುತ್ತಾರೆ. ಜಿಬಿಗಟ್ಟಲೆ ಡೇಟಾ ಖರ್ಚಾಗಿ ಅರ್ಧ ದಿನ ಕಳೆದರೂ ಫೋನ್ ಮಾತ್ರ ಸಿಕ್ಕಿರುವುದಿಲ್ಲ.

ನಾನು ನೋಡಿದ ಮಟ್ಟಿಗೆ ಇಂಥ ತೊಡಕುಗಳಲ್ಲಿ ಬಹುಪಾಲು ಫೋನಿನಲ್ಲೂ ಇರುವುದಿಲ್ಲ, ಸಾಫ್ಟ್‌ವೇರಿನಲ್ಲೂ ಇರುವುದಿಲ್ಲ. ಎರಡರ ನಡುವಿನ ದಾರಿಯಲ್ಲಿರುತ್ತವೆ. ದಾರಿ ಎಲ್ಲಿ ಮುಚ್ಚಿದೆ ಎಂದು ತಿಳಿಯುವ ಮೊದಲೇ ಎರಡು ತುದಿಗಳನ್ನು ಬಿಚ್ಚಿ ಜೋಡಿಸಿ ಪ್ರಯೋಜನವಿಲ್ಲ. ಇದನ್ನು ವಿವರವಾಗಿ ಬರೆಯಲು ಇನ್ನೊಂದು ಕಾರಣವೂ ಇದೆ. ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಎಷ್ಟೋ ಮಕ್ಕಳು ಆ್ಯಪ್ ಬರೆಯುವ ಆಸೆಯನ್ನು ಕೈಬಿಡುವುದು ಕೋಟ್ಲಿನ್ ಭಾಷೆ ತಲೆಗೆ ಹತ್ತದೆ ಅಲ್ಲ. ತಾವು ಬರೆದದ್ದು ತಮ್ಮ ಫೋನಿನಲ್ಲಿ ಓಡುವುದನ್ನು ನೋಡುವ ಮೊದಲೇ ಅವರು ಸುಸ್ತಾಗಿರುತ್ತಾರೆ, ತಪ್ಪು ತಮ್ಮದೇ ಎಂದುಕೊಂಡಿರುತ್ತಾರೆ. ತಪ್ಪು ಅವರದಲ್ಲ.

ಆಂಡ್ರಾಯ್ಡ್ ಸ್ಟುಡಿಯೋ ನೇರವಾಗಿ ಫೋನಿನೊಂದಿಗೆ ಮಾತಾಡುವುದಿಲ್ಲ. ನಡುವೆ ಆಂಡ್ರಾಯ್ಡ್ ಡಿಬಗ್ ಬ್ರಿಡ್ಜ್ ಎಂಬ ಸಣ್ಣ ಸಾಧನವಿದೆ. ಎಲ್ಲರೂ ಎಡಿಬಿ ಎಂದೇ ಕರೆಯುತ್ತಾರೆ. ಅದರ ಒಂದು ಭಾಗ ಫೋನಿನೊಳಗೆ ಕರೆಗಾಗಿ ಕಾಯುತ್ತ ಕೂತಿರುತ್ತದೆ. ಇನ್ನೊಂದು ಭಾಗ ಲ್ಯಾಪ್‌ಟಾಪಿನ ಹಿನ್ನೆಲೆಯಲ್ಲಿ, 5037ನೇ ಪೋರ್ಟಿನಲ್ಲಿ ಓಡುವ ಸರ್ವರ್. ಸ್ಟುಡಿಯೋ ಆಗಲಿ, ಕಮಾಂಡ್ ಕೊಡುವ ನಾವಾಗಲಿ ಆ ಸರ್ವರಿಗೆ ಹೇಳುತ್ತೇವೆ, ಅದು ಫೋನನ್ನು ಕರೆಯುತ್ತದೆ. ಕರೆಯುವುದು ಲ್ಯಾಪ್‌ಟಾಪ್, ಉತ್ತರಿಸುವುದು ಫೋನ್. ಈ ದಿಕ್ಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಮೊದಲು ಈ ಕೆಲಸಕ್ಕೆಲ್ಲ ಯುಎಸ್‌ಬಿ ಕೇಬಲ್ಲೇ ಗತಿಯಾಗಿತ್ತು. ವೈಫೈ ಬೇಕೆಂದವರು ಮೊದಲು ಕೇಬಲ್ ಸಿಕ್ಕಿಸಿ ‘ಎಡಿಬಿ ಟಿಸಿಪಿಐಪಿ 5555’ ಎಂಬ ಕಮಾಂಡ್ ಕೊಟ್ಟು, ಆಮೇಲೆ ಕೇಬಲ್ ಕಿತ್ತು, ಫೋನಿನ ಐಪಿ ವಿಳಾಸಕ್ಕೆ ಕನೆಕ್ಟ್ ಮಾಡುತ್ತಿದ್ದರು. ಇಂದಿಗೂ ಇದು ನಡೆಯುತ್ತದೆ. ಆದರೆ 5555ನೇ ಪೋರ್ಟನ್ನು ಹಾಗೆ ತೆರೆದಿಡುವುದರ ಅಪಾಯ ಏನೆಂದು 2018ರಲ್ಲಿ ಜಗತ್ತಿಗೆ ಗೊತ್ತಾಯಿತು. ಆ ವರ್ಷದ ಫೆಬ್ರುವರಿಯಲ್ಲಿ ಚೀನಾದ ಕ್ವಿಹೂ 360 ಕಂಪನಿಯ ನೆಟ್‌ಲ್ಯಾಬ್ ತಂಡ ‘ಎಡಿಬಿ.ಮೈನರ್’ ಎಂಬ ಕುತಂತ್ರಾಂಶವನ್ನು ಪತ್ತೆ ಮಾಡಿತು. 5555 ತೆರೆದಿದ್ದ ಆಂಡ್ರಾಯ್ಡ್ ಟಿವಿ ಬಾಕ್ಸು, ಫೋನುಗಳೊಳಗೆ ಅದು ನುಗ್ಗಿ ಮೊನೆರೊ ಎಂಬ ಕ್ರಿಪ್ಟೊ ನಾಣ್ಯವನ್ನು ಗಣಿ ಮಾಡುತ್ತಿತ್ತು, ಅಲ್ಲಿಂದಲೇ ಮುಂದಿನ ಬಲಿಯನ್ನೂ ಹುಡುಕುತ್ತಿತ್ತು. ಯಾರ ಕಂಪ್ಯೂಟರನ್ನು ಒಳಗೆ ಬಿಡಬೇಕು ಎಂದು ಫೋನು ಮಾಲೀಕರನ್ನು ಕೇಳುವ ಏರ್ಪಾಡು 2013ರ ಆಂಡ್ರಾಯ್ಡ್ 4.2.2ರಲ್ಲೇ ಬಂದಿತ್ತು. ಆದರೆ ಎಡಿಬಿಯನ್ನು ತೆರೆದಿಟ್ಟೇ ಮಾರಾಟವಾಗಿದ್ದ ಸಾಧನಗಳಿಗೆ ಅದು ಕಾವಲಾಗಲಿಲ್ಲ.

2020ರಲ್ಲಿ ಬಂದ ಆಂಡ್ರಾಯ್ಡ್ 11 ವೈರ್‌ಲೆಸ್ ಡಿಬಗಿಂಗ್ ಎಂಬ ಹೊಸ ವ್ಯವಸ್ಥೆಯನ್ನು ತಂದಿತು. ಕೇಬಲ್ ಒಮ್ಮೆಯೂ ಬೇಡ. ಫೋನು, ಕಂಪ್ಯೂಟರು ಮೊದಲು ಆರು ಅಂಕಿಯ ಕೋಡಿನಿಂದಲೋ ಕ್ಯೂಆರ್ ಕೋಡಿನಿಂದಲೋ ಪರಸ್ಪರ ಗುರುತು ಹಿಡಿಯಬೇಕು. ಆಮೇಲಿನ ಮಾತುಕತೆಯೆಲ್ಲ ಗೂಢಲಿಪಿಯಲ್ಲಿ. ಆಂಡ್ರಾಯ್ಡ್ ಸ್ಟುಡಿಯೋದ ಬಂಬಲ್‌ಬೀ ಆವೃತ್ತಿ 2022ರ ಜನವರಿಯಲ್ಲಿ ಬಂದಾಗ ಇದಕ್ಕೊಂದು ಬಟನ್ನೂ ಸಿಕ್ಕಿತು. ವ್ಯವಸ್ಥೆ ಒಳ್ಳೆಯದೇ. ಆದರೆ ಹೊಸಬರು ಎಡವುವುದು ಇಲ್ಲೇ.

ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆದು ವೈರ್‌ಲೆಸ್ ಡಿಬಗಿಂಗ್ ಒಳಗೆ ಹೋದರೆ ಫೋನಿನ ಐಪಿ ವಿಳಾಸವೂ ಅದರ ಮುಂದೆ ಒಂದು ಪೋರ್ಟ್ ಸಂಖ್ಯೆಯೂ ಕಾಣುತ್ತವೆ. ಉದಾಹರಣೆಗೆ, 192.168.1.7 ಆದಮೇಲೆ 38211. ‘ಪೇರಿಂಗ್ ಕೋಡ್ ಬಳಸಿ ಪೇರ್ ಮಾಡಿ’ ಎಂಬುದನ್ನು ಒತ್ತಿದರೆ ಚಿಕ್ಕ ಕಿಟಕಿ ತೆರೆಯುತ್ತದೆ. ಅದರಲ್ಲಿ ಆರು ಅಂಕಿಯ ಕೋಡು, ಕೆಳಗೆ ಅದೇ ಐಪಿ ವಿಳಾಸ. ಆದರೆ ಪೋರ್ಟ್ ಬೇರೆ, 41877 ಎಂದೋ ಏನೋ ಇರುತ್ತದೆ. ಪೇರ್ ಮಾಡುವುದು ಈ ಚಿಕ್ಕ ಕಿಟಕಿಯ ಪೋರ್ಟಿಗೆ, ಕನೆಕ್ಟ್ ಮಾಡುವುದು ಹಿಂದಿನ ಪರದೆಯ ಪೋರ್ಟಿಗೆ. ವಿಳಾಸದ ಮೊದಲ ಭಾಗ ಒಂದೇ ಆಗಿರುವುದರಿಂದ ಕಣ್ಣು ಮೋಸಹೋಗುತ್ತದೆ. ಕಿಟಕಿ ಮುಚ್ಚಿದರೆ ಪೇರಿಂಗ್ ಪೋರ್ಟೂ ಮುಚ್ಚುತ್ತದೆ, ಹಾಗಾಗಿ ಕೋಡ್ ನೋಡಿ ಬರೆದುಕೊಂಡು ಹಿಂದೆ ಬಂದು ಟೈಪ್ ಮಾಡಿದರೆ ಫಲವಿಲ್ಲ. ವೈರ್‌ಲೆಸ್ ಡಿಬಗಿಂಗನ್ನು ಆರಿಸಿ ಮತ್ತೆ ಹಾಕಿದಾಗ ಕನೆಕ್ಟ್ ಮಾಡುವ ಪೋರ್ಟ್ ಕೂಡ ಬದಲಾಗುತ್ತದೆ. ನಿನ್ನೆಯ ಸಂಖ್ಯೆ ಇವತ್ತಿಗೆ ನಡೆಯುವುದಿಲ್ಲ. ಇನ್ನು ಪೇರ್ ಎಂಬ ಕಮಾಂಡೇ ಗೊತ್ತಿಲ್ಲ ಎಂದು ಎಡಿಬಿ ಹೇಳಿದರೆ ಅದು ಹಳೆಯದು. ಎಡಿಬಿಯನ್ನು ಒಳಗೊಂಡ ಪ್ಲಾಟ್‌ಫಾರ್ಮ್ ಟೂಲ್ಸ್‌ನ 30ನೇ ಆವೃತ್ತಿ ಅಥವಾ ಅದರ ಮುಂದಿನದು ಬೇಕು.

ಸ್ಟುಡಿಯೋ ಬಳಸಿದರೆ ಈ ಸಂಖ್ಯೆಗಳನ್ನು ನಾವು ಟೈಪ್ ಮಾಡಬೇಕಿಲ್ಲವಲ್ಲ ಎಂದು ನೀವು ಕೇಳಬಹುದು. ಹೌದು, ಕ್ಯೂಆರ್ ಕೋಡಿಗೆ ಕ್ಯಾಮೆರಾ ಹಿಡಿದರೆ ಸಾಕು. ಹಾಗಾದರೆ ಬದಲಾಗುತ್ತಲೇ ಇರುವ ಪೋರ್ಟ್ ಲ್ಯಾಪ್‌ಟಾಪಿಗೆ ಹೇಗೆ ಗೊತ್ತಾಗುತ್ತದೆ? ಊರಲ್ಲಿ ಡಂಗುರ ಸಾರಿದಂತೆ ಫೋನು ನೆಟ್‌ವರ್ಕಿನ ಎಲ್ಲರಿಗೂ ಕೇಳುವ ಹಾಗೆ ‘ನಾನು ಇಲ್ಲಿದ್ದೇನೆ, ಈ ಪೋರ್ಟಿನಲ್ಲಿದ್ದೇನೆ’ ಎಂದು ಸಾರುತ್ತದೆ. ಈ ವಿಧಾನದ ಹೆಸರು ಎಂಡಿಎನ್‌ಎಸ್. ಆ್ಯಪಲ್ ಕಂಪನಿಯ ಸ್ಟುವರ್ಟ್ ಚೆಷೈರ್ ಮತ್ತು ಮಾರ್ಕ್ ಕ್ರೋಕ್‌ಮಲ್ ಬರೆದ ಇದರ ನಿಯಮಾವಳಿ 2013ರಲ್ಲಿ ಆರ್‌ಎಫ್‌ಸಿ 6762 ಎಂಬ ಹೆಸರಿನಲ್ಲಿ ಹೊರಬಂತು. ವೈಫೈ ಪ್ರಿಂಟರುಗಳನ್ನು ಕಂಪ್ಯೂಟರು ತಾನಾಗಿ ಕಂಡುಹಿಡಿಯುವುದೂ ಬಹುತೇಕ ಹೀಗೇ. ಸಂದೇಶ 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ, 5353ನೇ ಪೋರ್ಟಿಗೆ ಹೋಗುತ್ತದೆ.

ಈ ಸಾರುವಿಕೆಗೆ ಎರಡು ದೌರ್ಬಲ್ಯಗಳಿವೆ. ವೈಫೈನಲ್ಲಿ ಒಬ್ಬರಿಗೆ ಕಳಿಸಿದ ಸಂದೇಶ ತಲುಪದಿದ್ದರೆ ರೂಟರ್ ಮತ್ತೆ ಕಳಿಸುತ್ತದೆ. ಎಲ್ಲರಿಗೂ ಒಟ್ಟಿಗೆ ಕಳಿಸಿದ್ದಕ್ಕೆ ಯಾರೂ ‘ಸಿಕ್ಕಿತು’ ಎಂದು ಮರಳಿ ಹೇಳುವುದಿಲ್ಲ, ಕಳೆದುಹೋದರೆ ಹೋಯಿತು. ಎರಡನೆಯದು, ಅದು ರೂಟರನ್ನು ದಾಟಿ ಬೇರೆ ನೆಟ್‌ವರ್ಕಿಗೆ ಹೋಗುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಫೋನ್ ಕಾಣಲಿಲ್ಲ ಎಂದರೆ ಸಾರಿದ್ದು ಕೇಳಿಸಲಿಲ್ಲ ಎಂದಷ್ಟೇ ಅರ್ಥ. ದಾರಿಯೇ ಇಲ್ಲ ಎಂದು ತೀರ್ಮಾನಿಸಬೇಕಾಗಿಲ್ಲ. ಕ್ಯೂಆರ್ ಕೋಡ್ ಕೆಲಸ ಮಾಡದ ಕಡೆ ಐಪಿ ಮತ್ತು ಪೋರ್ಟನ್ನು ಕೈಯಿಂದ ಟೈಪ್ ಮಾಡಿದರೆ ಫೋನ್ ಸಿಗುವುದು ಇದೇ ಕಾರಣಕ್ಕೆ. ‘ಎಡಿಬಿ ಎಂಡಿಎನ್‌ಎಸ್ ಸರ್ವಿಸಸ್’ ಎಂಬ ಕಮಾಂಡ್ ಕೊಟ್ಟರೆ ಯಾರು ಸಾರುತ್ತಿರುವುದು ಲ್ಯಾಪ್‌ಟಾಪಿಗೆ ಕೇಳಿಸುತ್ತಿದೆ ಎಂಬ ಪಟ್ಟಿ ಬರುತ್ತದೆ. ಪಟ್ಟಿ ಖಾಲಿ ಇದ್ದರೆ ಕೈ ಟೈಪಿಗೆ ಇಳಿಯಿರಿ.

ಅದೂ ಆಗದಿದ್ದರೆ ಮಾತ್ರ ದಾರಿಯನ್ನು ಅನುಮಾನಿಸಬೇಕು. ಅದನ್ನು ಪರೀಕ್ಷಿಸುವ ಅತ್ಯುತ್ತಮ ಸಾಧನ ಎಲ್ಲರ ಕಣ್ಣೆದುರೇ ಇರುತ್ತದೆ: ಸೋಲಿನ ಸಂದೇಶ. ಕೆಂಪಕ್ಷರ ಕಂಡ ಕೂಡಲೇ ಅದನ್ನು ಓದದೆ ಮತ್ತೆ ಎಂಟರ್ ಒತ್ತುವವರೇ ಹೆಚ್ಚು. ಕನೆಕ್ಟ್ ಕಮಾಂಡ್ ಸೋತಾಗ ವಿಂಡೋಸ್ ಸಾಮಾನ್ಯವಾಗಿ ಎರಡರಲ್ಲಿ ಒಂದು ಸಂಖ್ಯೆ ತೋರಿಸುತ್ತದೆ. 10061 ಬಂದರೆ ಎದುರಿನ ಯಂತ್ರ ನಿರಾಕರಿಸಿತು ಎಂದರ್ಥ. ಇದು ನಿಜಕ್ಕೂ ಒಳ್ಳೆಯ ಸುದ್ದಿ. ಕರೆ ಫೋನಿನ ತನಕ ಹೋಗಿದೆ, ಆ ಪೋರ್ಟಿನಲ್ಲಿ ಯಾರೂ ಇಲ್ಲ ಎಂದು ಅದೇ ಉತ್ತರಿಸಿದೆ. ಪೋರ್ಟ್ ಸಂಖ್ಯೆ ಹಳೆಯದು ಅಥವಾ ವೈರ್‌ಲೆಸ್ ಡಿಬಗಿಂಗ್ ಆರಿದೆ. 10060 ಬಂದರೆ ಕಾದು ಕಾದು ಉತ್ತರವೇ ಬರಲಿಲ್ಲ ಎಂದರ್ಥ. ಕರೆ ನಡುವೆ ಎಲ್ಲೋ ಬಿದ್ದುಹೋಗಿದೆ. ನಿರಾಕರಣೆ ತಟ್ಟನೆ ಬರುತ್ತದೆ, ಇದು ಮಾತ್ರ ಸುಮಾರು ಹೊತ್ತು ಕಾಯಿಸಿ ಬರುತ್ತದೆ. ಮೊದಲನೆಯದಕ್ಕೆ ಫೋನನ್ನು ನೋಡಬೇಕು, ಎರಡನೆಯದಕ್ಕೆ ನೆಟ್‌ವರ್ಕನ್ನು. ಎಲ್ಲ ಸಲಹೆಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ನೆಟ್‌ವರ್ಕ್ ದಾರಿ ಮುಚ್ಚುವುದು ಬಹಳ ಸಲ ಉದ್ದೇಶಪೂರ್ವಕವಾಗಿಯೇ. ಪಿಜಿ, ಹಾಸ್ಟೆಲು, ಕೆಫೆ, ಕಾಲೇಜು, ಆಫೀಸುಗಳ ವೈಫೈನಲ್ಲಿ ‘ಕ್ಲೈಂಟ್ ಐಸೊಲೇಷನ್’ ಅಥವಾ ‘ಎಪಿ ಐಸೊಲೇಷನ್’ ಎಂಬ ಸೌಲಭ್ಯವನ್ನು ಆನ್ ಮಾಡಿರುತ್ತಾರೆ. ಪ್ರತಿಯೊಂದು ಫೋನೂ ಇಂಟರ್ನೆಟ್ಟಿಗೆ ಹೋಗಬಹುದು, ಪಕ್ಕದ ಫೋನನ್ನು ಮಾತ್ರ ನೋಡುವಂತಿಲ್ಲ. ಐವತ್ತು ಅಪರಿಚಿತರು ಒಂದೇ ವೈಫೈ ಬಳಸುವ ಜಾಗದಲ್ಲಿ ಒಬ್ಬರ ಸಾಧನಕ್ಕೆ ಇನ್ನೊಬ್ಬರು ಕೈ ಹಾಕದಿರಲಿ ಎಂದು ಮಾಡಿದ ಏರ್ಪಾಡು ಇದು, ಬೇಕಾದದ್ದೇ. ಮನೆಯ ರೂಟರಿನ ‘ಗೆಸ್ಟ್’ ನೆಟ್‌ವರ್ಕಿನಲ್ಲೂ ಸಾಮಾನ್ಯವಾಗಿ ಇದೇ ನಿಯಮ. ಯೂಟ್ಯೂಬ್ ಚೆನ್ನಾಗಿ ಓಡುತ್ತಿದೆಯಲ್ಲ, ವೈಫೈಗೇನಾಗಿದೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಇಂಟರ್ನೆಟ್ಟಿಗೆ ಹೋಗುವ ದಾರಿ ಬೇರೆ, ಪಕ್ಕದ ಸಾಧನಕ್ಕೆ ಹೋಗುವ ದಾರಿ ಬೇರೆ.

ಮನೆಯಲ್ಲಿ ಇನ್ನೊಂದು ಬಗೆ. ಫೈಬರ್ ಕಂಪನಿಯವರು ಕೊಟ್ಟ ಪೆಟ್ಟಿಗೆ ಹಾಲಿನಲ್ಲಿರುತ್ತದೆ. ಮಹಡಿಗೆ ಸಿಗ್ನಲ್ ಬರುವುದಿಲ್ಲವೆಂದು ಇನ್ನೊಂದು ರೂಟರ್ ಕೊಂಡು ತಂದು, ಕೆಳಗಿನ ಪೆಟ್ಟಿಗೆಯಿಂದ ಕೇಬಲ್ ಎಳೆದು ‘ಡಬ್ಲ್ಯುಎಎನ್’ ಎಂದು ಬರೆದ ಕಿಂಡಿಗೆ ಸಿಕ್ಕಿಸುತ್ತಾರೆ. ಅನುಕೂಲಕ್ಕೆಂದು ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಈಗ ಲ್ಯಾಪ್‌ಟಾಪ್ ಮಹಡಿಯ ರೂಟರನ್ನು ಹಿಡಿದಿದೆ, ಅದರ ವಿಳಾಸ 192.168.0.4. ಫೋನ್ ಇನ್ನೂ ಕೆಳಗಿನ ಪೆಟ್ಟಿಗೆಯನ್ನೇ ಹಿಡಿದುಕೊಂಡಿದೆ, ಅದರ ವಿಳಾಸ 192.168.1.7. ಮೂರನೆಯ ಅಂಕಿ ಬೇರೆ. ಹೆಸರು ಒಂದಾದರೂ ಇವು ಎರಡು ನೆಟ್‌ವರ್ಕುಗಳು. ವಿಚಿತ್ರವೆಂದರೆ ಈ ಸ್ಥಿತಿಯಲ್ಲಿ ಕ್ಯೂಆರ್ ಕೋಡ್ ಸೋಲುತ್ತದೆ, ಕೈಯಿಂದ ವಿಳಾಸ ಟೈಪ್ ಮಾಡಿದರೆ ಕೆಲಸ ಆಗಬಹುದು! ಮಹಡಿಯ ರೂಟರ್ ಒಳಗಿನಿಂದ ಹೊರಗೆ ಹೋಗುವ ಕರೆಯನ್ನು ಬಿಡುತ್ತದೆ, ಹೊರಗಿನಿಂದ ಒಳಗೆ ಬರುವುದನ್ನು ತಡೆಯುತ್ತದೆ. ಎಡಿಬಿಯಲ್ಲಿ ಕರೆಯುವುದು ಲ್ಯಾಪ್‌ಟಾಪ್ ಎಂದೆನಲ್ಲ, ಹಾಗಾಗಿ ಅದು ಮಹಡಿಯಲ್ಲಿ ಇರುವಾಗ ಕರೆ ಕೆಳಗಿನ ಫೋನಿಗೆ ತಲುಪುತ್ತದೆ. ಫೋನ್ ಮಹಡಿಯ ರೂಟರಿನಲ್ಲೂ ಲ್ಯಾಪ್‌ಟಾಪ್ ಕೆಳಗಿನದರಲ್ಲೂ ಇದ್ದರೆ ಯಾವುದೂ ಆಗದು. ‘ಬೆಳಿಗ್ಗೆ ಆಗ್ತಿತ್ತು, ಸಂಜೆ ಆಗ್ತಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇಷ್ಟೇ ಇರುತ್ತದೆ: ಕುರ್ಚಿ ಬದಲಾಗಿದೆ, ರೂಟರ್ ಬದಲಾಗಿದೆ. ಎರಡನೆಯ ರೂಟರನ್ನು ಅದರ ಸೆಟ್ಟಿಂಗಿನಲ್ಲಿ ‘ಆ್ಯಕ್ಸೆಸ್ ಪಾಯಿಂಟ್’ ಮೋಡಿಗೆ ಬದಲಿಸಿದರೆ ಎರಡೂ ಸೇರಿ ಒಂದೇ ನೆಟ್‌ವರ್ಕ್ ಆಗುತ್ತದೆ.

ವಿಪಿಎನ್ ಇನ್ನೊಂದು ಅಡ್ಡಗೋಡೆ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಓಡುತ್ತಿದ್ದರೆ ಪಕ್ಕದಲ್ಲೇ ಇರುವ ಫೋನಿಗೆ ಹೊರಟ ಸಂದೇಶವೂ ಕಂಪನಿಯ ಸುರಂಗದೊಳಗೆ ಹೋಗಿಬಿಡಬಹುದು. ಅದನ್ನು ಆಫ್ ಮಾಡಿ ನೋಡುವುದು ಒಂದು ನಿಮಿಷದ ಕೆಲಸ.

ರೂಟರ್ ನಮ್ಮ ಕೈಯಲ್ಲಿಲ್ಲದ ಕಡೆ, ಅಂದರೆ ಪಿಜಿಯಲ್ಲೋ ಕಾಲೇಜಿನಲ್ಲೋ, ವಾದ ಮಾಡುವುದಕ್ಕಿಂತ ರೂಟರನ್ನೇ ನಡುವಿನಿಂದ ತೆಗೆದುಬಿಡುವುದು ಮೇಲು. ವಿಂಡೋಸ್ ಲ್ಯಾಪ್‌ಟಾಪಿನ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಫೋನನ್ನು ಅದಕ್ಕೆ ಸೇರಿಸಿ. ಆಗ ಲ್ಯಾಪ್‌ಟಾಪೇ ರೂಟರ್. ಅದರ ವಿಳಾಸ ಸಾಮಾನ್ಯವಾಗಿ 192.168.137.1, ಫೋನಿಗೂ 192.168.137ರಿಂದ ಶುರುವಾಗುವ ವಿಳಾಸ ಸಿಗುತ್ತದೆ. ನಡುವೆ ಮೂರನೆಯವರಿಲ್ಲ. ಇದನ್ನೇ ತಿರುಗಿಸಿ ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಸೇರಿಸಿದರೆ ಹಲವು ಫೋನುಗಳಲ್ಲಿ ವೈರ್‌ಲೆಸ್ ಡಿಬಗಿಂಗ್ ಆನ್ ಆಗುವುದೇ ಇಲ್ಲ, ಯಾಕೆಂದರೆ ಫೋನ್ ತಾನೇ ಒಂದು ವೈಫೈಗೆ ಸೇರಿರಬೇಕೆಂದು ಅದು ಬಯಸುತ್ತದೆ.

ಕನೆಕ್ಟ್ ಆದಮೇಲೆ ಕಡಿದುಹೋಗುವುದು ಬೇರೆ ಕಥೆ. ಫೋನ್ ವೈಫೈ ಬದಲಿಸಿದರೆ ಅಥವಾ ವೈಫೈನಿಂದ ಕಳಚಿಕೊಂಡರೆ ವೈರ್‌ಲೆಸ್ ಡಿಬಗಿಂಗ್ ತಾನಾಗಿ ಆರುತ್ತದೆ. ಇದು ದೋಷವಲ್ಲ, ರಕ್ಷಣೆ. ಇಂಟರ್ನೆಟ್ ಇಲ್ಲದ ರೂಟರಿಗೆ ಸೇರಿಸಿದ ಕೆಲವು ಫೋನುಗಳು ‘ಇಲ್ಲಿ ನೆಟ್ ಇಲ್ಲ’ ಎಂದು ತಾವಾಗಿಯೇ ಬೇರೆ ವೈಫೈಗೆ ಜಾರುತ್ತವೆ. ‘ಇದರಲ್ಲೇ ಇರು’ ಎಂಬ ಆಯ್ಕೆಯನ್ನು ಫೋನ್ ಕೇಳಿದಾಗ ಒಪ್ಪಿಕೊಳ್ಳಬೇಕು. ಏಳು ದಿನ ಕನೆಕ್ಟ್ ಆಗದ ಕಂಪ್ಯೂಟರಿನ ಅನುಮತಿಯನ್ನು ಆಂಡ್ರಾಯ್ಡ್ 11ರಿಂದೀಚೆಗೆ ಫೋನೇ ಅಳಿಸುತ್ತದೆ. ರಜೆ ಮುಗಿಸಿ ಬಂದವರು ಮತ್ತೆ ಪೇರ್ ಮಾಡಬೇಕಾಗಬಹುದು. ಸರ್ವರ್ ಆವೃತ್ತಿ ಹೊಂದುತ್ತಿಲ್ಲ, ಅದನ್ನು ಕೊಲ್ಲುತ್ತಿದ್ದೇನೆ ಎಂಬರ್ಥದ ಸಾಲು ಪದೇ ಪದೇ ಬಂದರೆ ಲ್ಯಾಪ್‌ಟಾಪಿನಲ್ಲಿ ಎರಡು ಎಡಿಬಿಗಳು ಕಾದಾಡುತ್ತಿವೆ. ಫೋನ್ ಪರದೆಯನ್ನು ಕಂಪ್ಯೂಟರಿನಲ್ಲಿ ತೋರಿಸುವ ಸ್ಕ್ರ್‌ಸಿಪಿವೈನಂಥ ಸಾಧನ ವಿಂಡೋಸಿಗೆ ಬರುವಾಗ ತನ್ನದೇ ಎಡಿಬಿಯನ್ನು ಹೊತ್ತು ತರುತ್ತದೆ. ಹಳೆಯದನ್ನು ತೆಗೆದರೆ ಜಗಳ ನಿಲ್ಲುತ್ತದೆ.

ಇಲ್ಲಿಯವರೆಗೆ ಲ್ಯಾಪ್‌ಟಾಪ್ ಫೋನನ್ನು ಕರೆಯುವ ಮಾತಾಯಿತು. ಆ್ಯಪ್ ಬರೆಯಲು ರಿಯಾಕ್ಟ್ ನೇಟಿವ್, ಎಕ್ಸ್‌ಪೋ ಎಂಬ ಸಾಧನಗಳನ್ನು ಬಳಸುವವರಲ್ಲಿ ದಿಕ್ಕು ತಿರುಗುತ್ತದೆ. ಆ್ಯಪಿನ ಕೋಡನ್ನು ಲ್ಯಾಪ್‌ಟಾಪಿನ ಮೆಟ್ರೊ ಎಂಬ ಸರ್ವರ್ 8081ನೇ ಪೋರ್ಟಿನಲ್ಲಿ ಬಡಿಸುತ್ತದೆ, ಫೋನು ಅಲ್ಲಿಗೆ ಹೋಗಿ ತರಬೇಕು. ಈಗ ಬಾಗಿಲು ತೆರೆಯಬೇಕಾದವರು ಲ್ಯಾಪ್‌ಟಾಪಿನವರು. ವಿಂಡೋಸ್ ಮೊದಲ ಬಾರಿಗೆ ಒಂದು ವೈಫೈಗೆ ಸೇರಿದಾಗ ಅದನ್ನು ‘ಪಬ್ಲಿಕ್’ ಎಂದು ಗುರುತಿಸಿದ್ದರೆ ಅದರ ಫೈರ್‌ವಾಲ್ ಹೊರಗಿನ ಕರೆಗಳನ್ನು ತಡೆಯುತ್ತದೆ. ಫೋನಿನಲ್ಲಿ ಕೆಂಪು ಪರದೆ ಕಾಣುತ್ತದೆ, ನೋಡಿದವರು ತಮ್ಮ ಕೋಡಿನಲ್ಲಿ ತಪ್ಪು ಹುಡುಕತೊಡಗುತ್ತಾರೆ. ಮನೆಯ ವೈಫೈ ಆದರೆ ‘ಪ್ರೈವೇಟ್’ ಎಂದು ಬದಲಿಸಿ. ಕೆಫೆಯದನ್ನು ಎಂದೂ ಹಾಗೆ ಮಾಡಬೇಡಿ. ಎಕ್ಸ್‌ಪೋದಲ್ಲಿ ‘ಟನಲ್’ ಎಂಬ ಆಯ್ಕೆಯಿದೆ. ಅದು ಇಂಟರ್ನೆಟ್ಟನ್ನು ಸುತ್ತಿ ಬರುವುದರಿಂದ ನಿಧಾನ, ಆದರೆ ಪಿಜಿಯ ವೈಫೈನಲ್ಲೂ ನಡೆಯುತ್ತದೆ.

ಐಫೋನಿನವರಿಗೆ ಒಂದೇ ಮಾತು. ಕೇಬಲ್ಲಿಲ್ಲದೆ ಡಿಬಗ್ ಮಾಡುವ ಅವಕಾಶ ಆ್ಯಪಲ್‌ನ ಆ್ಯಪ್ ಬರೆಯುವ ಸಾಫ್ಟ್‌ವೇರಾದ ಎಕ್ಸ್‌ಕೋಡ್‌ನ 2017ರ 9ನೇ ಆವೃತ್ತಿಯಲ್ಲಿ ಬಂತು. 2020ರ ಐಒಎಸ್ 14ರಿಂದ ಆ್ಯಪ್‌ಗಳು ಸ್ಥಳೀಯ ನೆಟ್‌ವರ್ಕನ್ನು ನೋಡಲು ಅನುಮತಿ ಕೇಳಬೇಕು. ಎಕ್ಸ್‌ಪೋ ಗೋ ಅಂಥ ಆ್ಯಪ್ ಮೊದಲ ಸಲ ಕೇಳಿದಾಗ ಅವಸರದಲ್ಲಿ ಬೇಡ ಎಂದಿದ್ದರೆ ಆಮೇಲೆ ಅದು ಲ್ಯಾಪ್‌ಟಾಪನ್ನು ತಲುಪಲಾರದು. ಸೆಟ್ಟಿಂಗ್ಸಿನ ಪ್ರೈವಸಿ ವಿಭಾಗದ ‘ಲೋಕಲ್ ನೆಟ್‌ವರ್ಕ್’ನಲ್ಲಿ ಮತ್ತೆ ಒಪ್ಪಿಗೆ ಕೊಡಬೇಕು.

ಶಾಲೆಯ ಮಕ್ಕಳು ಬಳಸುವ ಆ್ಯಪ್ ಇನ್ವೆಂಟರ್ ಬಗ್ಗೆ ನನಗೆ ವಿಶೇಷ ಪ್ರೀತಿ. 2010ರಲ್ಲಿ ಗೂಗಲ್‌ನಲ್ಲಿ, ಎಂಐಟಿಯ ಹ್ಯಾಲ್ ಏಬಲ್‌ಸನ್ ಅವರ ಮುಂದಾಳತ್ವದಲ್ಲಿ ಹೊರಬಂದು, 2012ರಿಂದ ಎಂಐಟಿಯ ಆಸರೆಯಲ್ಲಿರುವ ಈ ವ್ಯವಸ್ಥೆಯಲ್ಲಿ ಬ್ಲಾಕುಗಳನ್ನು ಜೋಡಿಸಿದರೆ ಆ್ಯಪ್ ಸಿದ್ಧ. ಇದರಲ್ಲಿ ಡೆವಲಪರ್ ಆಪ್ಷನ್ಸೂ ಬೇಡ, ಎಡಿಬಿಯೂ ಬೇಡ. ಫೋನಿನ ಕಂಪ್ಯಾನಿಯನ್ ಆ್ಯಪಿನಲ್ಲಿ ಆರು ಅಕ್ಷರಗಳ ಕೋಡ್ ಹಾಕಿದರೆ, ಅದು ತನ್ನ ಸ್ಥಳೀಯ ವಿಳಾಸವನ್ನು ಎಂಐಟಿಯ ಒಂದು ಸರ್ವರಿಗೆ ತಿಳಿಸುತ್ತದೆ. ಬ್ರೌಸರ್ ಅಲ್ಲಿ ವಿಚಾರಿಸಿ ವಿಳಾಸ ಪಡೆದು ನೇರವಾಗಿ ಫೋನನ್ನು ಕರೆಯುತ್ತದೆ. ಅಂದರೆ ಪರಿಚಯಕ್ಕೆ ಇಂಟರ್ನೆಟ್ ಬೇಕು, ಆಮೇಲಿನ ಮಾತಿಗೆ ಒಳದಾರಿ ಬೇಕು. ಕೋಡ್ ಒಪ್ಪಿಕೊಂಡು ಪರದೆ ಅಲ್ಲೇ ನಿಂತರೆ ಪರಿಚಯ ಆಗಿದೆ, ಒಳದಾರಿ ಮುಚ್ಚಿದೆ. ಹೊಸ ಆವೃತ್ತಿಗಳು ಬಳಸುವ ವೆಬ್‌ಆರ್‌ಟಿಸಿ ಕೆಲವು ಅಡ್ಡಿಗಳನ್ನು ದಾಟುತ್ತದೆ, ಎಲ್ಲವನ್ನೂ ಅಲ್ಲ.

ಲ್ಯಾಬ್ ನಡೆಸುವ ಶಿಕ್ಷಕರಲ್ಲಿ ಒಂದು ಕೋರಿಕೆ. ಕಾಲೇಜಿನ ವೈಫೈನ ಐಸೊಲೇಷನ್ ತೆಗೆಯಿರೆಂದು ಯಾರೂ ಕೇಳಬೇಕಿಲ್ಲ, ತೆಗೆಯಲೂಬಾರದು. ಬದಲಿಗೆ ಲ್ಯಾಬಿಗೆಂದೇ ಒಂದು ಸಾಮಾನ್ಯ ರೂಟರ್ ಇಡಿ, ಪಾಸ್‌ವರ್ಡ್ ಆ ತರಗತಿಗೆ ಮಾತ್ರ ಕೊಡಿ. ಒಟ್ಟಿಗೆ ಮೂವತ್ತು ಫೋನುಗಳು ಸಾರತೊಡಗಿದರೆ ಯಾವುದು ಯಾರದು ಎಂದು ಗೊತ್ತಾಗುವುದಿಲ್ಲ, ಹಾಗಾಗಿ ಕೈಯಿಂದ ವಿಳಾಸ ಟೈಪ್ ಮಾಡುವುದನ್ನೇ ಕಲಿಸಿ; ಐಪಿ, ಪೋರ್ಟುಗಳ ಪಾಠವೂ ಅದರಲ್ಲೇ ಆಗುತ್ತದೆ. ಡೇಟಾ ಸಾಗಿಸಬಲ್ಲ ಎರಡು ಮೂರು ಒಳ್ಳೆಯ ಕೇಬಲ್‌ಗಳನ್ನೂ ಮೇಜಿನಲ್ಲಿ ಇಟ್ಟಿರಿ. ಚಾರ್ಜಿಗಷ್ಟೇ ಬರುವ ಅಗ್ಗದ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಫೋನ್ ಕಾಣುವುದೇ ಇಲ್ಲ. ಮಕ್ಕಳು ತರಗತಿ ಮುಗಿಸಿ ಏಳುವ ಮುನ್ನ ವೈರ್‌ಲೆಸ್ ಡಿಬಗಿಂಗ್ ಪರದೆಯಲ್ಲಿ ಪೇರ್ ಆದ ಲ್ಯಾಬ್ ಕಂಪ್ಯೂಟರಿನ ಹೆಸರನ್ನು ಒತ್ತಿ ‘ಫರ್ಗೆಟ್’ ಕೊಟ್ಟು, ಡಿಬಗಿಂಗ್ ಆಫ್ ಮಾಡಿಕೊಂಡು ಹೋಗಲಿ. ಆ ಕಂಪ್ಯೂಟರಿನ ಮುಂದೆ ನಾಳೆ ಬೇರೆಯವರು ಕೂರುತ್ತಾರೆ, ಫೋನಿನಲ್ಲಿ ಮಕ್ಕಳ ಫೋಟೊಗಳೂ ಮೆಸೇಜುಗಳೂ ಇರುತ್ತವೆ.